ಅಬ್ಬಿಯ ಮೇಲಿನ ಮೀನುಗಳು

ತೋಲ್ಮಿನ್ ಕಣಿವೆಯಲ್ಲಿ ಅಲ್ಬಿನ್ ಲೇಬಾನ್ ಎಂದರೆ ಬೇಲಾ ತೊರೆ, ಬೇಲಾ ತೊರೆ ಎಂದರೆ ಅಲ್ಬಿನ್. ಮೀನುಗಾರರ ಸಂಘದ ಕಾವಲುಗಾರನಾಗಿ ಅವನು ನಲವತ್ತು ವರ್ಷ ಆ ತೊರೆಯನ್ನು ಕಾದಿದ್ದ.

ನಮ್ಮ ಸೋಚಾ ನದಿಗೆ ತನ್ನದೇ ಆದ ಒಂದು ಟ್ರೌಟ್ ಮೀನುಂಟು. ಅದರ ಮೈತುಂಬ ಅಮೃತಶಿಲೆಯ ಮೇಲಿರುವಂಥ ಗೆರೆಗಳು. ಜನ ಅದನ್ನು ಚಿತ್ತಾರದ ಮೀನು ಎನ್ನುತ್ತಾರೆ. ಅಜ್ಜಂದಿರ ಕಾಲದಲ್ಲಿ, ಗಾಳ ಹಾಕಲು ಬರುವ ದೊಡ್ಡ ಮನುಷ್ಯರ ಖುಷಿಗೆಂದು, ಯಾರೋ ಬೇರೆ ಸೀಮೆಯ ಕೆಂಪು ಚುಕ್ಕೆಯ ಟ್ರೌಟನ್ನು ತಂದು ನದಿಗೆ ಬಿಟ್ಟರು. ಎರಡೂ ಕೂಡಿದವು. ಈಗ ನದಿಯಲ್ಲಿ ಸಿಗುವುದು ಬಹುಮಟ್ಟಿಗೆ ಬೆರಕೆ ಸಂತಾನ. ಬೇಲಾ ಮಾತ್ರ ನದಿಯನ್ನು ಸೇರುವ ಮುನ್ನ ಹದಿನಾಲ್ಕು ಮೀಟರ್ ಎತ್ತರದಿಂದ ಅಬ್ಬಿಯಾಗಿ ಧುಮುಕುತ್ತದೆ. ಅದನ್ನು ಹತ್ತುವ ಮೀನು ಇನ್ನೂ ಹುಟ್ಟಿಲ್ಲ. ಆದ್ದರಿಂದ ಅಬ್ಬಿಯ ಮೇಲಿರುವುದು ಅಪ್ಪಟ ಚಿತ್ತಾರದ ಮೀನೇ ಎಂದು ಎಲ್ಲರೂ ನಂಬಿದ್ದರು. ಅಲ್ಬಿನನಿಗಂತೂ ಅದು ದೇವರಾಣೆಯಷ್ಟೇ ಸತ್ಯ.

ಅಬ್ಬಿಯ ಮೇಲೆ ಅವನು ಯಾರಿಗೂ ಗಾಳ ಹಾಕಗೊಡಲಿಲ್ಲ. ಹೆಂಡತಿ ಪಾವ್ಲಾಳ ಒಡಹುಟ್ಟಿದ ಅಣ್ಣನ ಗಾಳದ ಕೋಲನ್ನೇ ಮೊಣಕಾಲಿಗೆ ಕೊಟ್ಟು ಮುರಿದು, ಮಾವನ ಮನೆಯ ಎರಡು ಈಸ್ಟರ್ ಹಬ್ಬಗಳ ಊಟವನ್ನು ಕಳೆದುಕೊಂಡಿದ್ದ. ತಾನೂ ಅಲ್ಲಿಯ ಒಂದು ಮೀನನ್ನಾದರೂ ಬಾಯಿಗಿಟ್ಟವನಲ್ಲ. ಸೇತುವೆಯ ಬಳಿ ಹೆಂಡದಂಗಡಿ ನಡೆಸುತ್ತಿದ್ದ ಚೀರಿಲ್ ಅವನನ್ನು ಕಂಡಾಗಲೆಲ್ಲ ಕೆಣಕುತ್ತಿದ್ದ.

"ಏನೋ ಅಲ್ಬಿನ್, ನಿನ್ನ ಮೀನಿಗೆ ಗಂಡು ನೋಡೋಕೆ ಮುಂಚೆ ಮೂರು ತಲೆಮಾರು ವಿಚಾರಿಸ್ತೀಯಂತೆ? ಪಾವ್ಲಾ ಮನೆಯವರು ಅಷ್ಟು ವಿಚಾರಿಸಿದ್ದಿದ್ರೆ ನಿನಗೆ ಮದುವೆಯೇ ಆಗ್ತಿರಲಿಲ್ಲ ಬಿಡು."

ಅಲ್ಬಿನ್ ನಕ್ಕು ಲೋಟ ಬರಿದುಮಾಡುತ್ತಿದ್ದ.

ಅವನಿಗೆ ಎಪ್ಪತ್ತು ತುಂಬಿದ ವರ್ಷ, ಎಲೆಯುದುರುವ ಕಾಲದಲ್ಲಿ, ಮೀನುಗಳ ಮೇಲೆ ಸಂಶೋಧನೆ ಮಾಡುವ ನೇವಾ ಎಂಬಾಕೆ ರಾಜಧಾನಿಯಿಂದ ಬಂದಳು. ಕೆಟ್ಟುಹೋದ ತೊರೆಗಳಿಗೆಲ್ಲ ಮತ್ತೆ ಚಿತ್ತಾರದ ಮೀನನ್ನು ಬಿಡಬೇಕಾಗಿದೆ, ಅದಕ್ಕೆ ತಾಯಿಮೀನು ಬೇಕು, ಬೇಲಾದ ಮೀನು ಅಪ್ಪಟವಾಗಿದ್ದರೆ ಅದರ ಮೊಟ್ಟೆಯಿಂದಲೇ ಕಣಿವೆಯನ್ನು ತುಂಬಬಹುದು ಎಂದು ವಿವರಿಸಿದಳು. ಬೆರಕೆಯೆಂದು ಕಂಡುಬಂದರೆ ಅವಷ್ಟನ್ನೂ ತೆಗೆದು ತೊರೆಯನ್ನು ಬರಿದುಮಾಡಬೇಕಾಗುವುದೆಂದೂ ಹೇಳಿದಳು. ಆ ಎರಡನೆಯ ಮಾತನ್ನು ಅಲ್ಬಿನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕೈ ಒದ್ದೆಮಾಡಿಕೊಂಡು ಮೂವತ್ತು ಮೀನುಗಳನ್ನು ಒಂದೊಂದಾಗಿ ಹಿಡಿದುಕೊಟ್ಟ. ಅವಳು ಪ್ರತಿಯೊಂದರ ಈಜುರೆಕ್ಕೆಯ ತುದಿಯನ್ನು ಉಗುರಿನಷ್ಟು ಕತ್ತರಿಸಿ ಶೀಶೆಗೆ ಹಾಕಿಕೊಂಡಳು. ಆ ಚಳಿಗಾಲವೆಲ್ಲ ಅವನು ಮಗಳ ಹೆರಿಗೆಯ ಸುದ್ದಿಗೆ ಕಾಯುವ ತಂದೆಯಂತೆ ಟಪಾಲಿನವನ ದಾರಿ ನೋಡಿದ.

ಸುದ್ದಿ ಟಪಾಲಿನಲ್ಲಿ ಬರಲಿಲ್ಲ. ಮಾರ್ಚಿನಲ್ಲಿ ನೇವಾ ತಾನೇ ಬಂದಳು. ಪಾವ್ಲಾ ಆಲೂಗಡ್ಡೆ, ಚೀಸು ಸೇರಿಸಿ ಫ್ರಿಕಾ ಬೇಯಿಸಿ ತಟ್ಟೆಯ ತುಂಬ ಬಡಿಸಿದಳು. ನೇವಾ ಅದನ್ನು ಮುಟ್ಟಲಿಲ್ಲ.

"ಮೂವತ್ತರಲ್ಲಿ ಒಂದೂ ಅಪ್ಪಟ ಅಲ್ಲ, ಅಲ್ಬಿನ್ ಮಾಮ. ಎಲ್ಲಾ ಬೆರಕೆ."

"ಚುಕ್ಕೆ ಎಲ್ಲಿದೆ? ಒಂದೇ ಒಂದು ಕೆಂಪು ಚುಕ್ಕೆ ತೋರಿಸು."

"ಚುಕ್ಕೆ ಇಲ್ಲದಿದ್ರೂ ಬೆರಕೆ ಇರತ್ತೆ ಮಾಮ. ಕಣ್ಣಿಗೆ ಗೊತ್ತಾಗಲ್ಲ. ಮೀನು ತಾನಾಗಿ ಅಬ್ಬಿ ಹತ್ತೋದಂತೂ ಆಗದ ಮಾತು. ಯಾವಾಗಲೋ ಯಾರೋ ಕೆಳಗಿಂದ ಹೊತ್ಕೊಂಡು ಬಂದು ಬಿಟ್ಟಿದ್ದಾರೆ."

ಅವಳ ಬೆನ್ನ ಹಿಂದೆ, ಗೋಡೆಯ ಮೇಲೆ, ಸಂಘದವರು ಕೊಟ್ಟ ಕಂಚಿನ ಪದಕ ತೂಗುತ್ತಿತ್ತು.

ಹೊರಗಿನವಳಾದ ನೇವಾಳಿಗೆ ತಿಳಿಯದಿದ್ದರೂ ಆ ಪದಕದ ಕಥೆ ಊರಿನ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು. ಅಲ್ಬಿನ್ ವರ್ಷಕ್ಕೊಮ್ಮೆ ಶಾಲೆಗೆ ಬಂದು, ಟೊಪ್ಪಿಯನ್ನು ಮೇಜಿನ ಮೇಲಿಟ್ಟು, ಅದನ್ನು ಹೇಳಿಹೋಗುತ್ತಿದ್ದ. ಅವನು ಕಾವಲಿಗೆ ಸೇರಿದ ಎರಡನೆಯ ಬೇಸಿಗೆ ಮಳೆ ಬರಲಿಲ್ಲ. ಅಬ್ಬಿ ನೂಲಿನಷ್ಟಾಯಿತು. ಕೆಳಗಿನ ಮಡುಗಳು ಬತ್ತುತ್ತ ಬಂದು ಮೀನುಗಳು ಬಾಯಿ ಬಿಡುತ್ತಿದ್ದವು. ಮೇಲೆ ಒರತೆಯ ನೀರಿತ್ತು. ಬೆಟ್ಟದ ಹುಲ್ಲುಗಾವಲಿನಿಂದ ಹಾಲು ಇಳಿಸುವ ಕ್ಯಾನನ್ನು ಬೆನ್ನಿಗೆ ಕಟ್ಟಿಕೊಂಡು, ನೀರು ತುಳುಕದಂತೆ ಜರಿಗಿಡದ ಸೊಪ್ಪು ಹೊದಿಸಿ, ಬಂಡೆಯ ಪಕ್ಕದ ಕಾಲುದಾರಿಯಲ್ಲಿ ಅವನು ಎರಡು ದಿನ ಮೀನುಗಳನ್ನು ಮೇಲಕ್ಕೆ ಹೊತ್ತ. ಕಣ್ಣು ಮುಚ್ಚಿ ಹೊತ್ತವನಲ್ಲ. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿ, ಕೆಂಪು ಚುಕ್ಕೆ ಕಂಡುದನ್ನೆಲ್ಲ ಬಿಟ್ಟು, ಬರಿಯ ಚಿತ್ತಾರದವನ್ನೇ ಆರಿಸಿ ಒಯ್ದಿದ್ದ.

"ಹೊತ್ತೋನು ನಾನೇ ಕಣಮ್ಮ," ಎಂದ ಅಲ್ಬಿನ್.

"ಕ್ಯಾನು ಕಟ್ಟಿದೋಳು ನಾನು," ಎಂದಳು ಪಾವ್ಲಾ.

ಚುಕ್ಕೆಯಿಲ್ಲದ ಬೆರಕೆಯೂ ಇರುತ್ತದೆಂದು ಆ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ, ಬೇರೆ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು ಎಂದು ನೇವಾ ಬಹಳ ಹೊತ್ತು ಸಮಾಧಾನ ಹೇಳಿದಳು. ಸಾವಿನ ಮನೆಯಲ್ಲಿ ಬಂದವರ ಮಾತು ಕೇಳುವಂತೆ ಅಲ್ಬಿನ್ ತಲೆಬಾಗಿ ಕೇಳಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ನಾನು ಹೊರೋಕೆ ಮುಂಚೆ ಮೇಲಿದ್ದವು, ಅವು ಅಪ್ಪಟವೇ ಇದ್ದವಾ?"

ನೇವಾ ತಟ್ಟೆಯನ್ನೇ ನೋಡುತ್ತ, "ಇದ್ದಿರಬೇಕು ಮಾಮ," ಎಂದಳು.

ಸೆಪ್ಟೆಂಬರಿನಲ್ಲಿ ತೊರೆಯನ್ನು ಬರಿದುಮಾಡಿದರು. ನೀರಿಗೆ ಸಣ್ಣಗೆ ವಿದ್ಯುತ್ತು ಹರಿಸಿದರೆ ಮೀನು ಮಂಪರಾಗಿ ತೇಲುತ್ತದೆ. ಆದರೆ ಯಾವ ಬಂಡೆಯ ಕೆಳಗೆ ಯಾವ ಪೊಟರೆಯಿದೆಯೆಂದು ಬಲ್ಲವನು ಅಲ್ಬಿನ್ ಒಬ್ಬನೇ. ಮೂರು ದಿನ ಮುಂದೆ ನಡೆದು ಕೋಲಿನಿಂದ ತೋರಿಸಿದ. ಹಿಡಿದ ಮೀನುಗಳನ್ನು ಕೆಳಗಿನ ನದಿಗೆ ಸಾಗಿಸಿದರು. ಚೀರಿಲ್ ಆಮೇಲೆ ಅವನನ್ನು ಕೆಣಕುವುದನ್ನೇ ಬಿಟ್ಟ; ಕೇಳದಿದ್ದರೂ ಲೋಟ ತುಂಬಿ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತ ನಿಲ್ಲುತ್ತಿದ್ದ. ಅಲ್ಬಿನ್ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದ.

ಎರಡು ವರ್ಷ ಒಂದೂ ಮೀನು ಕಾಣದಿದ್ದರೆ, ಬೇರೆ ತೊರೆಯ ಅಪ್ಪಟ ಮರಿಗಳನ್ನು ತಂದು ಬಿಡುವುದೆಂದು ನಿರ್ಧಾರವಾಗಿತ್ತು. ಅಲ್ಬಿನ್ ಮುಂಚಿನಂತೆಯೇ ಬೆಳಗ್ಗೆ ಎದ್ದು, ಕಾವಲುಗಾರನ ಟೊಪ್ಪಿಯಿಟ್ಟು, ಬರಿಯ ನೀರನ್ನು ಕಾಯಲು ಹೋಗುತ್ತಿದ್ದ. ಅರ್ಧ ದಾರಿಗೇ ಈಗ ಉಸಿರು ಕಟ್ಟುತ್ತಿತ್ತು. ಮರಿಗಳು ಬರುವುದನ್ನು ನೋಡಿಬಿಟ್ಟರೆ ಸಾಕೆಂದು ಪಾವ್ಲಾಳಿಗೆ ಹೇಳುತ್ತಿದ್ದ.

ಎರಡು ವರ್ಷಕ್ಕೆ ಎರಡು ತಿಂಗಳು ಬಾಕಿಯಿದ್ದಾಗ, ಒಂದು ಬೇರಿನ ಕೆಳಗೆ ನೆರಳೊಂದು ಅಲುಗಿದಂತಾಯಿತು. ಅಲ್ಬಿನ್ ಬಂಡೆಯ ಮೇಲೆ ಬೋರಲು ಮಲಗಿ, ಚಿಕ್ಕಂದಿನಲ್ಲಿ ಕಲಿತಂತೆ ನೀರಿನೊಳಗೆ ಕೈಯಿಳಿಸಿ, ಮೀನಿನ ಹೊಟ್ಟೆಯನ್ನು ಮೆಲ್ಲಗೆ ಸವರುತ್ತ ಹೋಗಿ ಹಿಡಿದ. ಮೊಳದುದ್ದದ ಮೀನು. ಮೈತುಂಬ ಚಿತ್ತಾರ, ಒಂದು ಚುಕ್ಕೆಯೂ ಇಲ್ಲ. ಅದರ ತಲೆಯನ್ನು ಕಲ್ಲಿಗೆ ಬಡಿದ. ಕದಡಿದ ನೀರು ತಿಳಿಯಾದಾಗ, ಅದೇ ಬೇರಿನ ಕೆಳಗೆ ಬೆರಳುದ್ದದ ಮರಿಗಳು ಕಂಡವು. ಏಳೋ ಎಂಟೋ ಇದ್ದವು. ಕೈ ಹಾಕಿದೊಡನೆ ಚದುರಿಹೋದವು.

ಇಳಿದು ಬಂದು ನೇವಾಳಿಗೆ ಫೋನು ಮಾಡಿದ. ತೊರೆಯನ್ನು ಮತ್ತೆ ಬರಿದುಮಾಡಬೇಕು, ಎರಡು ವರ್ಷದ ಲೆಕ್ಕವೂ ಮತ್ತೆ ಮೊದಲಿನಿಂದ ಎಂದಳು ಅವಳು. "ಗೊತ್ತಮ್ಮ," ಎಂದ ಅಲ್ಬಿನ್.

ಪಾವ್ಲಾ ಆ ಮೀನನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಹುರಿದಳು. ಅಬ್ಬಿಯ ಮೇಲಿನ ಮೀನನ್ನು ಅವನು ತಿಂದದ್ದು ಅದೇ ಮೊದಲು. ತಟ್ಟೆಯನ್ನು ಸರಿಸಿ, ಒಂದು ಕಾಗದ ಕೊಡೆಂದ. ಕಳ್ಳ ಗಾಳದವರ ಕಿವಿಗೆ ಬಿದ್ದೀತೆಂದು ನಲವತ್ತು ವರ್ಷ ಹೆಂಡತಿಗೂ ಹೇಳದೆ ಬಚ್ಚಿಟ್ಟಿದ್ದ ಪೊಟರೆಗಳನ್ನೆಲ್ಲ, ಅಬ್ಬಿಯ ತಲೆಯಿಂದ ಶುರುಮಾಡಿ, ಒಂದೊಂದಾಗಿ ಬರೆಯತೊಡಗಿದ. ಮುಂದಿನ ಸಲ ತೋರಿಸಲು ತಾನು ಇರುವೆನೆಂಬ ನಂಬಿಕೆ ಅವನಿಗಿರಲಿಲ್ಲ.