ಚಿಂಚೋಳಿಗೆ ಒಯ್ದ ಎರಡನೆಯ ಬೋರ್ಡು

ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುತ್ತಿದ್ದ ಬ್ಲೇಡುಗಳ ಕೀಚಲು ದನಿ ಈಗಲೂ ನನ್ನ ಕಿವಿಯಲ್ಲಿದೆ. ಆ ಗದ್ದಲದಲ್ಲೇ ಶರಣಮ್ಮ ಮತ್ತು ನಾನು ಮೂವತ್ತು ವರ್ಷ ಎಲೆಕ್ಟ್ರಾನಿಕ್ಸ್ ಕಲಿಸಿದೆವು. ಕಿಟಕಿ ಮುಚ್ಚಿ ಹೆಡ್‌ಫೋನ್ ಹಾಕಿಕೊಂಡರೆ ಮಾತ್ರ, ದೂರದೂರಿನ ಹವ್ಯಾಸಿಗಳೊಡನೆ ಮಾತಾಡುವ ನಮ್ಮ ಹ್ಯಾಮ್ ರೇಡಿಯೊ ಕೇಳಿಸುತ್ತಿತ್ತು.

ಕಳೆದ ಕಾರ್ತಿಕದಲ್ಲಿ ಅವಳ ತಮ್ಮನ ಹೆಂಡತಿ ನೀಲಮ್ಮ ಚಿಂಚೋಳಿಯಿಂದ ಫೋನ್ ಮಾಡಿದಳು; ಶರಣಮ್ಮ ಇದ್ದದ್ದು ಆ ತಮ್ಮನ ಮನೆಯಲ್ಲೇ. ಶರಣಮ್ಮನ ಗಂಟಲಿಗೆ ಆಪರೇಷನ್. ಆಮೇಲೆ ಅವಳಿಗೆ ದನಿ ಇರುವುದಿಲ್ಲ. ಅದಕ್ಕೆ ಮೊದಲು, ದಿನಾ ಮುಂಜಾನೆ ಏಳರಿಂದ ಏಳೂವರೆಯವರೆಗೆ ರೇಡಿಯೊದಲ್ಲಿ ಸೇರುವ ಹಳೆಯ ಗೆಳೆಯರಿಗೆ ತನ್ನ ದನಿಯಲ್ಲೇ ಗುಡ್‌ಬೈ ಹೇಳಬೇಕೆಂಬ ಆಸೆ ಅವಳಿಗೆ. ಆದರೆ ರೇಡಿಯೊ ಬೋರ್ಡು ಲ್ಯಾಪ್‌ಟಾಪಿಗೆ ಸಿಗುತ್ತಿಲ್ಲ. "ನಾಳಿ ಮಧ್ಯಾಹ್ನ ಹೈದರಾಬಾದಿಗಿ ಹೊಂಟೀವ್ರಿ ಟೀಚರ್. ಇವತ್ತೇ ಬರ್ರಿ," ಎಂದಳು.

ನಿವೃತ್ತಿಯ ನಂತರ ನಾವಿಬ್ಬರೂ ಕೂಡಿ ಮಾಡಿದ್ದ ಬೋರ್ಡು ಅದು. ಗಾಳಿಯಲ್ಲಿ ಬರುವ ಸಿಗ್ನಲ್ ಸೋಸುವ ಚಿಪ್ಪಿಗೆ ನಮಗೆ ಬೇಕಾದ ಪ್ರೋಗ್ರಾಂ ನಾವೇ ತುಂಬಬಹುದು. ಏನು ಮಾಡಿದರೂ ಜೋಡಿ ಮಾಡುವುದು ನಮ್ಮ ಲ್ಯಾಬಿನ ರೂಢಿ: ಒಂದು ಕೆಟ್ಟರೆ ಇನ್ನೊಂದು. ನನ್ನ ಬೋರ್ಡನ್ನು ಸ್ಪೇರ್ ಇರಲೆಂದು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಶಹಾಬಾದದಿಂದ ವಾಡಿಗೆ ಪ್ಯಾಸೆಂಜರ್ ರೈಲು. ವಾಡಿಯಲ್ಲಿ ಗಾಡಿ ಬದಲಿಸಲು ಒಂದೂವರೆ ತಾಸು ಕಾಯಬೇಕಾಯಿತು. ಬೆಂಚಿನ ಮೇಲೆ ಕೈಯಿಟ್ಟರೆ ಸಿಮೆಂಟ್ ಕಾರ್ಖಾನೆಯ ಬೂದಿಬಣ್ಣದ ಧೂಳು ಅಂಟಿತು. ಚಿತ್ತಾಪುರ ದಾಟಿದ ಮೇಲೆ ಎರಡೂ ಕಡೆ ಹೂಬಿಟ್ಟ ತೊಗರಿ. ಸೇಡಂನಲ್ಲಿ ಇಳಿದು, ರೊಟ್ಟಿ ಪುಂಡಿಪಲ್ಯ ತಿಂದು, ಚಿಂಚೋಳಿ ಬಸ್ಸು ಹಿಡಿದೆ. ಆಧಾರ್ ತೋರಿಸಿದ್ದಕ್ಕೆ ಜೀರೊ ಟಿಕೆಟ್. ಸುಲೇಪೇಟದವರೆಗೆ ನಿಂತೇ ಹೋದೆ.

ಶರಣಮ್ಮ ಬಾಗಿಲಲ್ಲೇ ಇದ್ದಳು, ಕೈಯಲ್ಲಿ ಸ್ಲೇಟು ಹಿಡಿದು. "ಎಂಟ್ ದಿನ ಆತ್ರಿ, ಒಂದ್ ಮಾತೂ ಆಡವಲ್ಲರು," ಎಂದಳು ನೀಲಮ್ಮ. "ಇದ್ದ ದನಿ ಎಲ್ಲಾ ರೇಡಿಯೊಕ್ಕ ಬೇಕಂತ."

ಶರಣಮ್ಮ ಬರೆದು ತೋರಿಸಿದಳು: "ಭಾಳ ಮುದುಕಿ ಆಗಿದಿ ಲೀಲಾ."

"ನೀ ಏನ್ ಕಾಲೇಜ್ ಹುಡುಗಿ ಇದ್ದಂಗ ಇದೀಯೇನ?" ಎಂದೆ.

ತೊಂದರೆ ಸಣ್ಣದು. ಮನೆಗೆ ಹೊಸ ವೈಫೈ ಪೆಟ್ಟಿಗೆ ಬಂದಿತ್ತು. ಬೋರ್ಡಿನ ವೈರನ್ನೂ ಅದಕ್ಕೇ ಚುಚ್ಚಿದ್ದರು. ಅದು ಲ್ಯಾಪ್‌ಟಾಪಿಗೆ ತನ್ನದೇ ಬೇರೆ ಅಡ್ರೆಸ್ ಕೊಟ್ಟಿತ್ತು. ಬೋರ್ಡಿನದು ನಾವು ಹಿಂದೆ ಬರೆದಿಟ್ಟ ಕಾಯಂ ಅಡ್ರೆಸ್; ಎರಡೂ ಹೊಂದದೆ ಒಂದಕ್ಕೊಂದು ಕಾಣುತ್ತಿರಲಿಲ್ಲ. ಬೋರ್ಡು, ಲ್ಯಾಪ್‌ಟಾಪಿನ ವೈರುಗಳನ್ನು ಕೂಡಿಸುವ ಹಳೆಯ ಸ್ವಿಚ್ಚನ್ನು ಮತ್ತೆ ಹಚ್ಚಿ, ಲ್ಯಾಪ್‌ಟಾಪಿನ ಅಡ್ರೆಸ್ ನಂಬರನ್ನು ಕೈಯಿಂದ ತುಂಬಿದೆ. ಇದ್ದೀಯಾ ಎಂದು ಬೋರ್ಡನ್ನು ಕೇಳುವ ಪಿಂಗ್ ಮಾಡಿದ್ದಕ್ಕೆ ಉತ್ತರ ಬಂತು. ಶರಣಮ್ಮ ನನ್ನ ಕೆನ್ನೆ ಚಿವುಟಿದಳು.

ಮರುದಿನ ಆರೂಮುಕ್ಕಾಲಿಗೆ ನನಗೇ ಸಮಾಧಾನವಾಗಲಿಲ್ಲ. ನಡುವೆ ಕೈಕೊಟ್ಟರೆ? ಸ್ಪೇರ್ ಬೋರ್ಡನ್ನೂ ಅದೇ ಸ್ವಿಚ್ಚಿಗೆ ಚುಚ್ಚಿ ಇಟ್ಟೆ. ಏಳಕ್ಕೆ ಸರಿಯಾಗಿ ಗೆಳೆಯರ ದನಿ ಕೇಳಿಸಿತು, ಕಡಿಯಿತು, ಮತ್ತೆ ಬಂತು, ಮತ್ತೆ ಹೋಯಿತು. ಕೇಬಲ್ ಬದಲಿಸಿದೆ. ಫೈರ್‌ವಾಲ್ ಆಫ್ ಮಾಡಿದೆ. ಲ್ಯಾಪ್‌ಟಾಪ್ ಮುಚ್ಚಿ ಮತ್ತೆ ಚಾಲೂ ಮಾಡಿದೆ. ಶರಣಮ್ಮ ಮೈಕ್ ಹಿಡಿದು ಗಡಿಯಾರ ನೋಡುತ್ತ ಕೂತಿದ್ದಳು.

ಏಳೂ ಮೂವತ್ತೈದಕ್ಕೆ ಹೊಳೆಯಿತು. ಜೋಡಿ ಮಾಡುವಾಗ ಅವಳ ಬೋರ್ಡಿನ ಮೆಮೊರಿ ಕಾರ್ಡನ್ನು ಇದ್ದಹಾಗೇ ನನ್ನದಕ್ಕೆ ಕಾಪಿ ಮಾಡಿದವಳು ನಾನೇ. ಅಡ್ರೆಸ್ ಕೂಡ ಅದೇ. ಒಬ್ಬಳನ್ನು ಕರೆದರೆ ಇಬ್ಬರು ಓಗೊಡುತ್ತಿದ್ದರು. ನನ್ನ ಬೋರ್ಡಿನ ವೈರು ಕಿತ್ತೆ. ಎಲ್ಲ ಸರಿಯಾಯಿತು.

"ನಾ ಶರಣಮ್ಮ, ಚಿಂಚೋಳಿಯಿಂದ," ಎಂದಳು, ಒಡೆದ ದನಿಯಲ್ಲಿ. "ಯಾರರ ಅದೀರೇನ್ರಿ?"

ಮೂರು ಸಲ ಕರೆದಳು. ಬರೀ ಬುಸ್ ಎನ್ನುವ ಸದ್ದು.

"ನಾ ಕೈ ಹಚ್ಚದ ಇದ್ದಿದ್ರ ಆಗ್ತಿತ್ತು," ಎಂದೆ. ನನಗೆ ಅಳು ತಡೆಯಲಾಗಲಿಲ್ಲ.

ಅವಳು ಸ್ಲೇಟು ಎಳೆದುಕೊಂಡಳು: "ಎಲ್ಲಾರೂ ಚಾ ಕುಡೀಲಿಕ್ಕ ಹೋಗ್ಯಾರ. ನಡಿ, ನಾವೂ ಕುಡಿಯೋಣು."

ಆಪರೇಷನ್ ಆದ ಮೇಲೆ ಅವಳು ಮನೆಗೆ ಮರಳಲಿಲ್ಲ. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.

ಅವಳನ್ನು ಕಡೆಯ ಸಲ ನೋಡಿದ್ದು ಆ ದಿನ ಹತ್ತು ಗಂಟೆಗೆ, ಚಿಂಚೋಳಿ ಬಸ್ ಸ್ಟ್ಯಾಂಡಿನಲ್ಲಿ. ಬೇಡವೆಂದರೂ ನನ್ನ ಬ್ಯಾಗು ಹೊತ್ತು ಬಂದಿದ್ದಳು. ಸೇಡಂ ಬಸ್ಸು ತುಂಬಿತ್ತು. ಸ್ಲೇಟನ್ನು ಕಂಕುಳಲ್ಲಿ ಒತ್ತಿಕೊಂಡು ನನ್ನ ಹಿಂದೆಯೇ ಬಸ್ಸು ಹತ್ತಿ, ಉಳಿದಿದ್ದ ಅಷ್ಟೂ ದನಿಯನ್ನು ಕಂಡಕ್ಟರನ ಮೇಲೆ ಸುರಿದಳು: "ಏನ್ರಿ ಸಾಹೇಬ್ರ, ನಮ್ಮಾಕಿ ಮೊಣಕಾಲ್ನ್ಯಾಗ ಜೀವ ಇಲ್ಲ. ಕಿಟಕಿ ಬಾಜೂಕ ಜಾಗ ಮಾಡಿ ಕುಂದ್ರಸ್ರಿ. ಕುಂದ್ರಸೋತನಕ ನಾ ಇಳ್ಯಾಂಗಿಲ್ಲ."