ಹಗೇವಿಗೆ ನೀರು ಹೊಕ್ಕಾಗ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಜೋಳವೆಲ್ಲ ನೆಲದೊಳಗೆ ಇರುತ್ತಿತ್ತು. ತಂಬ್ರಹಳ್ಳಿಯ ನಮ್ಮ ಮನೆಯ ಮುಂದೆ ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದನ್ನು ಹಗೇವು ಎನ್ನುತ್ತಿದ್ದೆವು.

ಆ ವರ್ಷ ದೀಪಾವಳಿ ಕಳೆದ ಮೇಲೆ, ಮದ್ರಾಸಿನ ಕಡೆ ಸಮುದ್ರದಲ್ಲಿ ಚಂಡಮಾರುತ ಎದ್ದಿದೆಯೆಂದು ರೇಡಿಯೊ ಹೇಳಿತು. ಸಮುದ್ರ ಎಲ್ಲೋ, ನಾವೆಲ್ಲೋ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನವೇ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಹಳ್ಳ ಉಕ್ಕಿ, ರಾಡಿ ನೀರು ಓಣಿಗೆ ನುಗ್ಗಿ, ಹಗೇವಿನ ಮೇಲೆ ಮೊಣಕಾಲುದ್ದ ನಿಂತಿತು.

ನೀರು ಇಳಿದ ಬೆಳಿಗ್ಗೆ ಅಪ್ಪ ಕಲ್ಲು ಸರಿಸಿದ. ಬಿಸಿಯಾದ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಟ್ಟರೆ, ಅದು ತುಸು ಇಳಿಯುವಷ್ಟರಲ್ಲೇ ಆರಿಹೋಯಿತು. ಒಳಗೆ ಕೆಟ್ಟ ಗಾಳಿ ತುಂಬಿತ್ತು. ಅಂಥ ಹಗೇವಿಗೆ ಇಳಿದವರು ಜೀವಂತವಾಗಿ ಮೇಲೆ ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ಆದರೂ ಅಪ್ಪ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡ. ತಡವಾದಷ್ಟೂ ಜೋಳ ಕೊಳೆಯುತ್ತದೆ. ಹೊಲದ ಪೈರೂ ಮಲಗಿಬಿಟ್ಟಿತ್ತು. ಅವ್ವ ಬೇಡವೆಂದಳು, ಅವನು ಕೇಳಲಿಲ್ಲ. ಆಗ ಹದಿಮೂರು ವರ್ಷದ ಅಕ್ಕ ಹಗ್ಗದ ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡಳು.

“ನೀ ಇಳದ್ರ ನಾನೂ ಇಳೀತೀನಿ, ಯಪ್ಪಾ.”

“ಜೋಳ ಹೋದ್ರ ನಿಮಗ ಉಣ್ಣಾಕ ಏನ್ ಹಾಕ್ಲಿ?” ಎಂದ ಅಪ್ಪ.

“ಉಪಾಸ ಇರ್ತೀವಿ. ನೀ ಇರು.”

ಅಪ್ಪ ಕೆಸರಿನಲ್ಲೇ ಕುಳಿತುಬಿಟ್ಟ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಂದೀಲು ಒಳಗೆ ಆರದೆ ಉರಿಯಲು ಎರಡು ದಿನ ಬೇಕಾಯಿತು. ಅಷ್ಟರಲ್ಲಿ ಜೋಳ ಮೊಳೆತು, ಕಪ್ಪಾಗಿ ಹೆಂಟೆ ಕಟ್ಟಿತ್ತು. ಆರಿಸಿ ಒಣಗಿಸಿದ್ದು ಐದಾರು ಬುಟ್ಟಿಯಷ್ಟೇ. ಆ ಚಳಿಗಾಲವೆಲ್ಲ ಒಂದೇ ಹೊತ್ತು ಉಂಡೆವು, ಅದೂ ಕಹಿ ರೊಟ್ಟಿ. ಅಕ್ಕ ತನ್ನ ಪಾಲಿನಲ್ಲಿ ಅರ್ಧ ನನಗೆ ಮುರಿದು ಕೊಡುತ್ತಿದ್ದಳು. ಹಸಿವಿಲ್ಲ ಅನ್ನುತ್ತಿದ್ದಳು. ನಾನು ನಂಬಿ ತಿನ್ನುತ್ತಿದ್ದೆ.

ಮಕ್ಕಳೇ, ನಿಮ್ಮ ಮನೆಗೆ ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ. ಚಂಡಮಾರುತ ಇನ್ನೂ ಸಮುದ್ರದಲ್ಲಿರುವಾಗಲೇ ಅದರ ಬಿಳಿ ಸುಳಿಯನ್ನು ಮೊಬೈಲಿನಲ್ಲಿ ನೋಡಿ, ಶಾಲೆಗೆ ರಜೆಯೇ ಎಂದು ಕೇಳುತ್ತೀರಿ. ಆದರೆ ಹಗರಿಬೊಮ್ಮನಹಳ್ಳಿಯಲ್ಲಿ ನೀವಿರುವ ಬಡಾವಣೆ ತಗ್ಗಿನಲ್ಲಿದೆ. ಹೋದ ಮಳೆಗೆ ಬಾಗಿಲ ಮೆಟ್ಟಿಲವರೆಗೆ ನೀರು ಬಂದಾಗ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ನನ್ನ ಸೆರಗು ಹಿಡಿದು, “ಒಳಗೂ ಬರತೈತೇನ, ಅಜ್ಜಿ?” ಎಂದು ಕೇಳಿದಳು. ಅವಳನ್ನು ಎತ್ತಿಕೊಂಡು ಮಾಳಿಗೆ ಹತ್ತಿದೆ.