ಕೈವಾರ ಟೀಚರ್ ಲ್ಯಾಪ್‌ಟಾಪ್ ಕೊಂಡದ್ದು

ಲೆಕ್ಕದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಕೈವಾರ. ಯಾವ ವರ್ಷದ ಮಕ್ಕಳು ಇಟ್ಟರೋ ಯಾರಿಗೂ ಗೊತ್ತಿಲ್ಲ. ಅಕ್ಕಂದಿರು ತಂಗಿಯರಿಗೆ, ಅಣ್ಣಂದಿರು ತಮ್ಮಂದಿರಿಗೆ ಹಳೆಯ ಪಠ್ಯಪುಸ್ತಕದ ಜೊತೆ ದಾಟಿಸಿಕೊಂಡು ಬಂದ ಹೆಸರು. ಕಾರಣ ಮಾತ್ರ ಎಲ್ಲರಿಗೂ ಗೊತ್ತು. ವೃತ್ತ ಬರೆಯಲು ಅವರಿಗೆ ಕೈವಾರ ಬೇಕಿರಲಿಲ್ಲ. ಕಪ್ಪು ಹಲಗೆಯ ಮುಂದೆ ನಿಂತು ತೋಳನ್ನು ಭುಜದಿಂದ ಒಂದು ಸುತ್ತು ತಿರುಗಿಸಿದರೆ ಆಯಿತು, ಸೀಮೆಸುಣ್ಣ ಹೊರಟ ಜಾಗಕ್ಕೇ ವಾಪಸು ಬಂದು ನಿಲ್ಲುತ್ತಿತ್ತು. ಒಮ್ಮೆ ತಪಾಸಣೆಗೆ ಬಂದಿದ್ದ ಅಧಿಕಾರಿ ದಾರ ಹಿಡಿದು ಅಳೆದು ನೋಡಿ, ದಾರ ಸುತ್ತಿ ಜೇಬಿಗೆ ಹಾಕಿಕೊಂಡು ಹೋಗಿದ್ದರು. ಆ ಕಥೆಯನ್ನು ಟೀಚರ್ ತಾವಾಗಿ ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಬೇರೆ ಯಾರಾದರೂ ಹೇಳುತ್ತಿದ್ದರೆ ಅಲ್ಲಿಂದ ಎದ್ದು ಹೋಗುತ್ತಲೂ ಇರಲಿಲ್ಲ.

ಆ ಭುಜವೇ ಈಗ ಕೈಕೊಟ್ಟಿತ್ತು. ಬಲತೋಳು ಎದೆಯ ಮಟ್ಟಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಹೋಗು ಎಂದರೆ ಪ್ರಾಣ ಹೋಗುವಷ್ಟು ನೋವು. ಭುಜ ಬಿಗಿದುಕೊಂಡಿದೆ, ತಾನಾಗಿಯೇ ಬಿಡುತ್ತದೆ, ವರ್ಷವಾಗಬಹುದು, ಎರಡೂ ಆಗಬಹುದು ಎಂದು ಡಾಕ್ಟರು ಬಹಳ ಸಮಾಧಾನದಿಂದ ಹೇಳಿದರು. ಭುಜ ಅವರದಲ್ಲವಲ್ಲ. ಬೆಳಿಗ್ಗೆ ಜಡೆ ಹೆಣೆಯುವ ಕೆಲಸ ಅತ್ತೆಯ ಪಾಲಿಗೆ ಬಂತು. "ನನಗೆ ಮಗಳು ಹುಟ್ಟಲಿಲ್ಲ ಅಂತ ಕೊರಗ್ತಿದ್ದೆ. ನೋಡು, ಐವತ್ತು ವರ್ಷದ ಮಗಳನ್ನ ಕೂರಿಸ್ಕೊಂಡು ಜಡೆ ಹಾಕೋ ಹಾಗಾಯ್ತು" ಎನ್ನುತ್ತ ಅವರು ಎಳೆದು ಎಳೆದು ಹೆಣೆಯುತ್ತಿದ್ದರು. ಶಾಲೆ ಮುಟ್ಟುವವರೆಗೂ ಟೀಚರ ಹುಬ್ಬು ಮೇಲಕ್ಕೇ ಇರುತ್ತಿತ್ತು.

ಶಾಲೆಯಲ್ಲಿ ಮಾತ್ರ ವಿಷಯ ಗುಟ್ಟಾಗಿತ್ತು. ಚಿತ್ರ ಬರೆಯಬೇಕಾದಾಗ ಟೀಚರ್ ಯಾರಾದರೂ ಹುಡುಗರನ್ನು ಹಲಗೆಗೆ ಕರೆದರು. ತಾವು ಬರೆಯುವುದನ್ನೆಲ್ಲ ಹಲಗೆಯ ಕೆಳ ಅರ್ಧಕ್ಕೆ ಇಳಿಸಿದರು. ಹಿಂದಿನ ಬೆಂಚಿನವರು ನಿಂತು ಓದಿಕೊಂಡರು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಹಲಗೆಯ ಮೇಲಿನ ಮೂಲೆಯಲ್ಲಿ ಬರೆಯುವ ತಾರೀಕೊಂದು ಅವರನ್ನು ಹಿಡಿದುಕೊಡದೆ ಇದ್ದಿದ್ದರೆ. ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತು ಅದನ್ನೊಮ್ಮೆ, ಟೀಚರ ತೋಳನ್ನೊಮ್ಮೆ ನೋಡಿದರು.

"ನಿಮ್ಮ ಕ್ಲಾಸಲ್ಲಿ ಇನ್ನೂ ಹೋದ ಮಂಗಳವಾರಾನೇ ನಡೀತಿದೆಯಲ್ಲ" ಎಂದರು.

ಮುಖ್ಯೋಪಾಧ್ಯಾಯಿನಿ ಕೆಟ್ಟವರೇನಲ್ಲ. ಒಳಗೆ ಕರೆದು ಕೂರಿಸಿ, ಮುಂದಿನ ಟರ್ಮಿನಿಂದ ಪರೀಕ್ಷಾ ವಿಭಾಗದ ಕಚೇರಿ ನೋಡಿಕೊಳ್ಳಿ, ಸಂಬಳ ಅಷ್ಟೇ, ಕೂತು ಮಾಡುವ ಕೆಲಸ, ತಲೆಯ ಮೇಲೆ ಫ್ಯಾನೂ ಇದೆ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಟೀಚರಿಗೆ ಅದು ಕೇಳಿಸಿದ್ದೇ ಬೇರೆ. ಅಡುಗೆಯವರನ್ನು ಕರೆದು ಇನ್ನು ಮೇಲೆ ತಟ್ಟೆ ಜೋಡಿಸಿಕೊಂಡಿರಿ ಎಂದ ಹಾಗೆ. ಪಾಠ ಬಿಟ್ಟರೆ ತಮಗೆ ಬೇರೆ ಏನೂ ಬರುವುದಿಲ್ಲ ಎಂಬುದು ಅವರಿಗೆ ಆ ಕುರ್ಚಿಯಲ್ಲಿ ಕೂತಾಗ ಚೆನ್ನಾಗಿ ಗೊತ್ತಾಯಿತು.

"ಕೈ ಮೇಲೆತ್ತದೆ ಪಾಠ ಮಾಡಿದ್ರೆ ಇಟ್ಕೋತೀರಾ?" ಎಂದು ಕೇಳಿದರು. ತರಗತಿಯ ಚಾವಣಿಯಲ್ಲಿ ಪ್ರೊಜೆಕ್ಟರೊಂದು ಧೂಳು ಕುಡಿಯುತ್ತ ನೇತಾಡುತ್ತಿತ್ತು. ಪರದೆಯ ಮೇಲೆ ಬರೆಯಬಹುದಾದ ಲ್ಯಾಪ್‌ಟಾಪ್ ಇದ್ದರೆ ಮೇಜಿನ ಮೇಲೆ ಬರೆದದ್ದು ಗೋಡೆಯ ಮೇಲೆ ಬೀಳುತ್ತದೆ.

"ಅದನ್ನ ಕೊಡಿಸೋಕೆ ಶಾಲೆ ಹತ್ರ ದುಡ್ಡಿಲ್ಲ" ಎಂದರು ಮುಖ್ಯೋಪಾಧ್ಯಾಯಿನಿ. "ನೀವೇ ತರ್ತೀರಿ ಅಂದ್ರೆ ತನ್ನಿ. ಸೋಮವಾರ ಬಂದು ಹಿಂದಿನ ಬೆಂಚಲ್ಲಿ ಕೂತು ನೋಡ್ತೀನಿ. ಆಮೇಲೆ ತೀರ್ಮಾನ ಮಾಡೋಣ."

ಮನೆಯಲ್ಲಿ ವಿಷಯ ತಿಳಿದದ್ದೇ ಯಜಮಾನರಿಗೆ ಹಬ್ಬವಾಯಿತು. ಅವರಿಗೆ ಕೊಳ್ಳುವುದಕ್ಕಿಂತ ಕೊಳ್ಳುವ ಮುಂಚಿನ ಸಂಶೋಧನೆ ಇಷ್ಟ. ಮೊಬೈಲು ಹಿಡಿದು ಕೂತವರು ಊಟಕ್ಕೂ ಬಿಡಲಿಲ್ಲ. ಪರದೆ ಮುಟ್ಟಿದರೆ ಕೇಳಬೇಕು, ಪೂರ್ತಿ ಹಿಂದಕ್ಕೆ ಮಡಚಿಕೊಳ್ಳಬೇಕು, ಸೋಫಾಕ್ಕೆಂದು ಎತ್ತಿಟ್ಟ ಹಣದೊಳಗೇ ಸಿಗಬೇಕು ಎಂದು ಅತ್ತೆಗೆ ವಿವರಿಸಿದರು.

"ಅದ್ಯಾಕೆ ಪಾಪ ಬೆನ್ನು ಮುರ್ಕೋಬೇಕು?" ಎಂದು ಅತ್ತೆ ಕೇಳಿದರು.

"ಹಿಂದಕ್ಕೆ ಮಡಚಿದ್ರೆ ಕೀಲಿಮಣೆ ಅಡಿಗೆ ಹೋಗುತ್ತಮ್ಮ. ಮೇಲೆ ಬರೀ ಪರದೆ. ಪೆನ್ನಲ್ಲಿ ಬರೀಬಹುದು."

"ಸ್ಲೇಟು ಅನ್ನು ಮತ್ತೆ. ಅಷ್ಟಕ್ಕೆ ಊರುದ್ದ ಮಾತು."

ಶನಿವಾರ ಮಧ್ಯಾಹ್ನ ಗಂಡ ಹೆಂಡತಿ ಅಂಗಡಿಗೆ ಹೋದರು. ಒಂದು ಕಡೆ ಫ್ರಿಜ್ಜುಗಳು, ಇನ್ನೊಂದು ಕಡೆ ಬಟ್ಟೆ ಒಗೆಯುವ ಯಂತ್ರಗಳು, ನಡುವಿನ ಉದ್ದ ಮೇಜಿನ ಮೇಲೆ ಲ್ಯಾಪ್‌ಟಾಪುಗಳು ಬಾಯಿ ತೆರೆದು ಕೂತಿದ್ದವು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ, ನೆತ್ತಿಯ ಕೂದಲು ಆಗಲೇ ತೆಳುವಾದ ಸೇಲ್ಸ್‌ಮನ್ ಓಡಿ ಬಂದವನು ಅಲ್ಲೇ ನಿಂತುಬಿಟ್ಟ.

"ಕೈವಾರ... ಅಲ್ಲ, ಟೀಚರ್! ಗುರ್ತು ಸಿಗ್ಲಿಲ್ವಾ? ಕಿಟಕಿ ಪಕ್ಕದ ಬೆಂಚು!"

ಕಿಟಕಿ ಪಕ್ಕದ ಬೆಂಚಿನಲ್ಲಿ ಪ್ರತಿ ವರ್ಷವೂ ಯಾರಾದರೂ ಕೂತೇ ಇರುತ್ತಾರೆ. ಟೀಚರ್ "ಓ, ನೀನಾ!" ಎಂದರು. ಪಾಠ ಹೇಳುವವರಿಗೆ ಇಷ್ಟು ಸುಳ್ಳು ಮಾಫಿ.

"ಲೆಕ್ಕ ಅಂತೂ ನನ್ನ ತಲೆಗೆ ಹತ್ತಲೇ ಇಲ್ಲ ಟೀಚರ್" ಎಂದು ಅವನು ನಗುತ್ತಲೇ ಹೇಳಿದ. "ಆದ್ರೆ ನಿಮ್ಮ ವೃತ್ತ ಇದೆಯಲ್ಲ, ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಯಿ ಬಿಟ್ಕೊಂಡು ನೋಡ್ತಿದ್ವಿ."

ಟೀಚರ್ ಉಬ್ಬಿಹೋದರು. ಭುಜದ ನೋವೂ ಒಂದು ಗಳಿಗೆ ಮರೆತುಹೋಯಿತು.

ಅವನು ಮೊದಲು ತೋರಿಸಿದ್ದು ಕನ್ನಡಿಯಂತೆ ಹೊಳೆಯುವ ದೊಡ್ಡದೊಂದನ್ನು. ಅದರ ವೇಗ, ಅದರ ನೆನಪಿನ ಶಕ್ತಿ ಎಂದು ಅವನೂ ಯಜಮಾನರೂ ಮಾತಿಗೆ ಬಿದ್ದರು. ಟೀಚರ್ ಪೆನ್ನು ಕೇಳಿ ಇಸಿದುಕೊಂಡು, ಕಾಗದದ ಮೇಲೆ ಬರೆಯುವಾಗಿನಂತೆ ಅಂಗೈಯನ್ನು ಪರದೆಗೆ ಊರಿ ಬರೆದರು. ಅಂಗೈ ಬಿದ್ದಲ್ಲೆಲ್ಲ ಇರುವೆ ಹರಿದ ಹಾಗೆ ಗುರುತು ಮೂಡಿ, ಪುಟವೇ ಪಕ್ಕಕ್ಕೆ ಸರಿದುಹೋಯಿತು. "ಕೈ ಎತ್ತಿ ಹಿಡಿದು ಬರೀಬೇಕು ಟೀಚರ್" ಎಂದ ಅವನು. ಎತ್ತಿ ಹಿಡಿಯಲು ಬಂದಿದ್ದರೆ ಇಲ್ಲಿಗೇಕೆ ಬರುತ್ತಿದ್ದರು? ಎರಡನೆಯದರಲ್ಲಿ ಪೆನ್ನು ಮುಂದೆ, ಗೆರೆ ಹಿಂದೆ, ಪೇಟೆಗೆ ಹೊರಟ ಹೆಂಡತಿಯ ಹಿಂದೆ ಗಂಡ ಬಂದ ಹಾಗೆ. ಮೂರನೆಯದು ಚಿಕ್ಕದು, ಹೋದ ವರ್ಷದ್ದು, ಅಂಚಿಗೆಲ್ಲ ರಬ್ಬರು, ಮುಚ್ಚಳದ ಮೇಲೊಂದು ಗೀರು. ಅಂಗಡಿಯಲ್ಲಿ ಎಲ್ಲರೂ ಮುಟ್ಟಿ ನೋಡಲು ಇಟ್ಟಿದ್ದದ್ದು. ಅದು ಅಂಗೈಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಪೆನ್ನಿನ ಮಾತನ್ನಷ್ಟೇ ಕೇಳಿತು. ಪ್ರೊಜೆಕ್ಟರಿನ ಹಳೇ ವೈರು ಸೇರುವ ತೂತೂ ಪಕ್ಕದಲ್ಲೇ ಇತ್ತು.

"ತುಂಬಾ ನಿಧಾನ ಕಣೇ ಇದು" ಎಂದು ಯಜಮಾನರು ಮೂಗು ಮುರಿದರು.

"ನಾನೇನು ವಿಮಾನ ಹಾರಿಸ್ತೀನಾ?"

ಟೀಚರ್ ಅದನ್ನು ಮಡಚಿ, ಹಾಜರಿ ಪುಸ್ತಕದಂತೆ ಎಡತೋಳಿನ ಮೇಲಿಟ್ಟುಕೊಂಡು ಫ್ರಿಜ್ಜುಗಳ ಸಾಲಿನುದ್ದಕ್ಕೂ ಹೋಗಿ, ಒಗೆಯುವ ಯಂತ್ರಗಳ ಸಾಲಿನಲ್ಲಿ ವಾಪಸು ಬಂದರು. ಕಾವಲುಗಾರ ಬಾಗಿಲಿಗೆ ಅಡ್ಡ ಬಂದು ನಿಂತ. ಇನ್ನೊಂದು ಸುತ್ತು ಹಾಕಿ, ತೋಳು ಸೋಲಲಿಲ್ಲ ಎಂದು ಖಾತ್ರಿಯಾದ ಮೇಲೆ ಮೇಜಿನ ಮೇಲಿಟ್ಟು, ಕೊನೆಯದಾಗಿ ಒಂದು ವೃತ್ತ ಬರೆದರು. ಪೆನ್ನು ಎತ್ತಿದ ಕೂಡಲೇ ಗೆರೆ ತಾನಾಗಿ ಮೈ ಕೊಡವಿಕೊಂಡು ದುಂಡಗಾಯಿತು.

"ನೀವು ಹೇಗೇ ಬರೆದ್ರೂ ಅದೇ ಸರಿ ಮಾಡ್ಕೊಳ್ಳುತ್ತೆ" ಎಂದ ಸೇಲ್ಸ್‌ಮನ್, ಹೆಮ್ಮೆಯಿಂದ.

ಟೀಚರ ಮುಖ ಗಂಟಿಕ್ಕಿತು. "ನನ್ನ ವೃತ್ತ ಸರಿ ಮಾಡು ಅಂತ ಯಾರು ಕೇಳಿದ್ರು ಇದನ್ನ? ಆಫ್ ಮಾಡು." ಅವನು ಎಲ್ಲೋ ಒತ್ತಿ ಆಫ್ ಮಾಡಿಕೊಟ್ಟ. ಟೀಚರ್ ಅದನ್ನೇ ಕೊಂಡರು.

ಆ ಸೊಕ್ಕು ಮನೆ ಮುಟ್ಟಿದ ಮೇಲೆ ಇಳಿಯಿತು. ಊಟದ ಮೇಜಿನ ಮೇಲಿಟ್ಟುಕೊಂಡು ಬರೆದ ಮೊದಲ ವೃತ್ತ ಆಲೂಗಡ್ಡೆಯಾಯಿತು. ಎರಡನೆಯದೂ ಆಲೂಗಡ್ಡೆಯೇ, ಮೊಳಕೆ ಬಂದದ್ದು. ಭಾನುವಾರವಿಡೀ ಬರೆದರೂ ಅಷ್ಟೇ. ಇಷ್ಟು ವರ್ಷ ವೃತ್ತ ಇದ್ದದ್ದು ಭುಜದಲ್ಲಿ, ಬೆರಳಲ್ಲಲ್ಲ. ದುಂಡಗೆ ಮಾಡುವುದನ್ನು ಮತ್ತೆ ಆನ್ ಮಾಡೋಣವೆಂದರೆ ಅದೆಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಯಜಮಾನರು ಹುಡುಕಲು ಹೋಗಿ ಅಕ್ಷರಗಳನ್ನೆಲ್ಲ ತಲೆಕೆಳಗು ಮಾಡಿಟ್ಟರು. ಅವನ್ನು ನೆಟ್ಟಗೆ ಮಾಡುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಯಿತು. ಭಾನುವಾರ ಅಂಗಡಿಗೂ ರಜೆ, ಸೋಮವಾರ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗಿ ಕೇಳುವುದೆಂದಾಯಿತು. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ನೋಡಿಕೊಂಡು ಹೋಗಿ ಆಗಿರುತ್ತದಲ್ಲ ಎಂದುಕೊಳ್ಳುತ್ತ ಟೀಚರ್ ಮಲಗುವವರೆಗೂ ಬರೆಯುತ್ತಲೇ ಇದ್ದರು.

ಸೋಮವಾರ ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಮುಖ್ಯೋಪಾಧ್ಯಾಯಿನಿ ಕೂತರು. ಟೀಚರ್ ಲ್ಯಾಪ್‌ಟಾಪ್ ಮಡಚಿ ಮೇಜಿನ ಮೇಲಿಟ್ಟು ವೈರು ಸಿಕ್ಕಿಸಿದರು. ಗೋಡೆ ಬೆಳಗಿತು. ವೃತ್ತ ಬರೆದರು. ಗೋಡೆಯ ಮೇಲೆ ಆಳೆತ್ತರದ ಆಲೂಗಡ್ಡೆ ಬಿತ್ತು. ತರಗತಿಯೇ ಗೊಳ್ಳೆಂದಿತು.

ಟೀಚರ್ ಬಿಡದೆ ವೃತ್ತದ ನಡುವೆ ಒಂದು ಚುಕ್ಕೆಯಿಟ್ಟು, ಅಲ್ಲಿಂದ ಅಂಚಿಗೆ ಎರಡು ಗೆರೆ ಎಳೆದು, ಎಂದಿನಂತೆ ಹೇಳಿದರು: "ಈ ಎರಡೂ ಗೆರೆ ಸಮ. ಅರ್ಥ ಆಯ್ತಾ?"

"ಆಯ್ತು ಟೀಚರ್" ಎಂದಿತು ತರಗತಿ, ಎಂದಿನಂತೆ ಒಕ್ಕೊರಲಿನಲ್ಲಿ.

ಈ ಉತ್ತರವನ್ನು ಟೀಚರ್ ಇಷ್ಟು ವರ್ಷ ಬೆನ್ನಿನಲ್ಲೇ ಕೇಳಿಸಿಕೊಂಡಿದ್ದರು. ಹಲಗೆಯ ಮೇಲೆ ಬರೆಯುವವರ ಮುಖ ಹಲಗೆಯ ಕಡೆಗಲ್ಲದೆ ಇನ್ನೆಲ್ಲಿಗಿರುತ್ತದೆ? ಇವತ್ತು ಮಕ್ಕಳ ಕಡೆಗಿತ್ತು. ಎರಡನೇ ಬೆಂಚಿನ ಕನ್ನಡಕದ ಹುಡುಗಿಯ ಬಾಯಿ ಆಯ್ತು ಎನ್ನುತ್ತಿರುವುದನ್ನೂ, ಕಣ್ಣು ಆ ಗೆರೆಯಿಂದ ಈ ಗೆರೆಗೆ ಓಡಾಡುತ್ತಿರುವುದನ್ನೂ ಅವರು ಒಟ್ಟಿಗೇ ಕಂಡರು. ಆಯ್ತು ಎನ್ನುವ ಬಾಯಿಗೂ ಆಗದ ಮುಖಕ್ಕೂ ಸಂಬಂಧವೇ ಇರಲಿಲ್ಲ. ಅವಳದ್ದೊಂದೇ ಅಲ್ಲ, ಸಾಲಿಗೆ ಸಾಲೇ ಹಾಗಿತ್ತು.

"ಏನಮ್ಮಾ ನೋಡ್ತಿದೀಯ? ಹೇಳು, ಬೈಯಲ್ಲ."

"ಈ ಗೆರೆ ಉದ್ದ ಇದೆ, ಅದು ಗಿಡ್ಡ. ಸಮ ಹೇಗಾಗುತ್ತೆ ಟೀಚರ್?"

ಚಿತ್ರ ಸೊಟ್ಟಗಿದೆ ಕಣೇ ಎಂದು ಹೇಳಲು ಹೊರಟ ಟೀಚರ್ ತಡೆದುಕೊಂಡರು. "ಸರಿ, ಇದು ಸೊಟ್ಟ. ನಾನು ಮುಂಚೆ ಹಲಗೆ ಮೇಲೆ ಬರೀತಿದ್ನಲ್ಲ, ಅದರಲ್ಲಿ ಸಮ ಇರ್ತಿತ್ತಾ?"

"ಇರ್ತಿತ್ತು ಟೀಚರ್."

"ಯಾಕೆ?"

ಹುಡುಗಿ ಅಕ್ಕಪಕ್ಕ ನೋಡಿದಳು. ಯಾರೂ ಸಹಾಯಕ್ಕೆ ಬರಲಿಲ್ಲ. "ಯಾಕಂದ್ರೆ... ಸಮ ಅನ್ನೋ ಹಾಗೆ ಕಾಣ್ತಿತ್ತು."

ಟೀಚರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅಷ್ಟು ಚೆಂದದ ವೃತ್ತ ಕಣ್ಣೆದುರಿಗಿದ್ದರೆ ಯಾಕೆ ಎಂದು ಯಾರು ಕೇಳುತ್ತಾರೆ? ಕಂಡದ್ದನ್ನೇ ನಂಬಿ ಆಯ್ತು ಎನ್ನುತ್ತಾರೆ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆ, ಯಾತಕ್ಕೆ ಕೂತಿದ್ದಾರೆ ಎನ್ನುವುದು ಆ ಗಳಿಗೆಯಲ್ಲಿ ಅವರ ತಲೆಯಿಂದ ಹಾರಿಹೋಯಿತು.

ಪೆನ್ನು ಕೆಳಗಿಟ್ಟು, ಆಟದ ಬೀರುವಿನಿಂದ ಸ್ಕಿಪ್ಪಿಂಗ್ ಹಗ್ಗ ತರಿಸಿ, "ಬೆಂಚೆಲ್ಲ ಗೋಡೆಗೆ ಒತ್ತಿ" ಎಂದರು. ಎದ್ದು ತಮ್ಮ ಬೆಂಚನ್ನು ತಾವೇ ಎಳೆಯಬೇಕಾದವರಲ್ಲಿ ಮುಖ್ಯೋಪಾಧ್ಯಾಯಿನಿಯೂ ಒಬ್ಬರು. ಹಗ್ಗದ ಒಂದು ತುದಿ ಹಿಡಿದು ಕನ್ನಡಕದ ಹುಡುಗಿ ನಡುವೆ ನಿಂತಳು. ಇನ್ನೊಂದು ತುದಿ ಹಿಡಿದವರು ಹಗ್ಗ ಬಿಗಿಯಾಗಿಟ್ಟುಕೊಂಡು ಸುತ್ತು ಬರಬೇಕು. ಒಬ್ಬರಾದ ಮೇಲೆ ಒಬ್ಬರು ಬಂದರು. ಟೀಚರ್ ಸುತ್ತುವವರನ್ನು ಎಲ್ಲೆಂದರಲ್ಲಿ ತಡೆದು ಕೇಳಿದರು, "ಈಗ ಇವಳಿಗೂ ನಿನಗೂ ಎಷ್ಟು ದೂರ? ಇಲ್ಲಿ ನಿಂತ್ರೆ? ಅಲ್ಲಿ?"

"ಹಗ್ಗದಷ್ಟೇ ಟೀಚರ್" ಎಂದಳು ನಡುವೆ ನಿಂತವಳು. ಹಾಗೆಂದವಳೇ ಗೋಡೆಯ ಕಡೆ ತಿರುಗಿ, "ಅಯ್ಯೋ, ಎರಡೂ ಗೆರೆ ಒಂದೇ ಹಗ್ಗ! ಸೊಟ್ಟಗೆ ಬರೆದ್ರೂ ಸಮಾನೇ!" ಎಂದು ಕೂಗಿದಳು. ಅವಳ ಮುಖ ಅರಳಿದ್ದನ್ನು ಟೀಚರ್ ನೋಡಿದರು. ಇಷ್ಟು ವರ್ಷದಲ್ಲಿ ಎಷ್ಟು ಮುಖ ಹೀಗೆ ಅರಳಿದವೋ, ಎಷ್ಟು ಅರಳದೇ ಹೋದವೋ, ಅವರಿಗೆ ಗೊತ್ತಿರಲಿಲ್ಲ.

ಗಂಟೆ ಹೊಡೆಯಿತು. ಪಾಠ ಅರ್ಧಕ್ಕೂ ಬಂದಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಮೇಜಿನ ಹತ್ತಿರ ಬಂದು ಗೋಡೆಯ ಆಲೂಗಡ್ಡೆಯನ್ನು ನೋಡುತ್ತ ನಿಂತರು.

"ಇಡೀ ಪೀರಿಯಡ್ಡಿಗೆ ಒಂದೇ ಮಾತು."

"ಹೌದು ಮೇಡಂ" ಎಂದರು ಟೀಚರ್. ಕಚೇರಿಯ ಫ್ಯಾನು ಕಣ್ಣಮುಂದೆ ತಿರುಗಿತು.

"ಪರೀಕ್ಷಾ ವಿಭಾಗಕ್ಕೆ ಬೇರೆ ಯಾರನ್ನಾದ್ರೂ ನೋಡ್ತೀನಿ. ಇನ್ನು ಮೇಲೆ ನನ್ನನ್ನ ಬೆಂಚು ಎಳೆಯೋಕೆ ಹಚ್ಚಬೇಡಿ, ಅಷ್ಟೇ." ಬಾಗಿಲವರೆಗೆ ಹೋಗಿ ತಿರುಗಿ, "ಆ ತಾರೀಕನ್ನ ಯಾರಾದ್ರೂ ಉದ್ದದ ಹುಡುಗನ ಕೈಲಿ ಅಳಿಸಿ" ಎಂದರು.

ಟೀಚರ್ ಹೊಟ್ಟೆ ತಣ್ಣಗಾಗಿ ಕುರ್ಚಿಯಲ್ಲಿ ಕೂತರು. ಹಾಗೆ ಕೂತಿದ್ದಾಗಲೇ ಸೇಲ್ಸ್‌ಮನ್ನನ ಮಾತು ನೆನಪಿಗೆ ಬಂದದ್ದು. ಲೆಕ್ಕ ತಲೆಗೆ ಹತ್ತಲೇ ಇಲ್ಲ, ನಿಮ್ಮ ವೃತ್ತ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಶನಿವಾರ ಆ ಮಾತನ್ನು ಬಸ್ಸಿನಲ್ಲಿ ಮನೆಯವರೆಗೂ ಸಿಹಿ ಚಪ್ಪರಿಸಿದ ಹಾಗೆ ಚಪ್ಪರಿಸಿದ್ದರು. ಈಗ ಅದೇ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಸಂಜೆ ಅಂಗಡಿಗೆ ಹೋದರು. ಯಜಮಾನರು ಮಧ್ಯಾಹ್ನವೇ ಫೋನು ಮಾಡಿ ತಿಳಿಸಿದ್ದರೆಂದು ಕಾಣುತ್ತದೆ, ಸೇಲ್ಸ್‌ಮನ್ ತಯಾರಾಗಿದ್ದ. "ದುಂಡಗೆ ಮಾಡೋದು ಸಿಗ್ಲಿಲ್ವಂತೆ. ಕೊಡಿ ಟೀಚರ್, ಒಂದು ನಿಮಿಷದ ಕೆಲಸ, ಆನ್ ಮಾಡ್ತೀನಿ."

"ಅದು ಬೇಡ" ಎಂದು ಟೀಚರ್ ಲ್ಯಾಪ್‌ಟಾಪನ್ನು ಮಡಚಿ ಮೇಜಿನ ಮೇಲಿಟ್ಟು, ಅಂಗೈಯೂರಿ ಒಂದು ವೃತ್ತ ಬರೆದರು. ಬೆಳಗಿನದಕ್ಕಿಂತಲೂ ಸೊಟ್ಟಗೆ ಬಂತು. ನಡುವೆ ಚುಕ್ಕೆಯಿಟ್ಟು ಎರಡು ಗೆರೆ ಎಳೆದರು. ಅವನು ಒಮ್ಮೆ ವೃತ್ತವನ್ನು, ಒಮ್ಮೆ ಟೀಚರ ಭುಜವನ್ನು ನೋಡಿದ.

"ಈ ಎರಡೂ ಸಮ. ಯಾಕೆ ಹೇಳು."

ಅವನು ಮೆಲ್ಲಗೆ ನಕ್ಕ. ಫ್ರಿಜ್ಜಿನ ಹತ್ತಿರ ಗಿರಾಕಿಗಳು ಕಾಯುತ್ತಿದ್ದರು. "ಈಗಾ ಟೀಚರ್?"

"ಆಗ ನಾನು ನಿನ್ನ ಮುಖ ನೋಡ್ಲಿಲ್ಲ ಕಣೋ. ಅದಕ್ಕೇ ಈಗ."

ಅವನು ನಗುವುದನ್ನು ನಿಲ್ಲಿಸಿದ. ಮೇಜಿನಡಿಯಿಂದ ಸ್ಟೂಲೊಂದನ್ನು ಎಳೆದು ಟೀಚರಿಗೆ ಕೊಟ್ಟು, ಇನ್ನೊಂದನ್ನು ಎಳೆದುಕೊಂಡು ಎದುರಿಗೆ ಕೂತ.